ಸೋಮನಹಳ್ಳಿ ಕೃಷ್ಣ: ತವರಿಗೂ ಅಧಿಕಾರಕ್ಕೂ ನಡುವೆ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮದ್ದೂರಿಗೆ ಮುನ್ನ ರುದ್ರಾಕ್ಷಿಪುರದ ಬಳಿ ಎಡಕ್ಕೆ ತಿರುಗಿದರೆ ದಾರಿ ಕೊಕ್ಕರೆ ಬೆಳ್ಳೂರಿಗೆ ಹೋಗುತ್ತದೆ. ಶಿಂಷಾ ನದಿಯ ದಂಡೆಯ ಈ ಹಳ್ಳಿಯಲ್ಲಿ ಚಳಿಗಾಲ ಕಳೆಯುವ ಹೊತ್ತಿಗೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದು, ಮನೆಗಳ ನಡುವಿನ ಹುಣಸೆ, ಆಲ, ಅರಳಿ ಮರಗಳ ಮೇಲೆ ಗೂಡು ಕಟ್ಟುತ್ತವೆ. ಊರಿನವರ ಪಾಲಿಗೆ ಅವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಹುಣಸೆಯ ಫಸಲು ಹಾಳಾದರೂ ಅವುಗಳನ್ನು ಓಡಿಸುವವರಿಲ್ಲ. ಇದೇ ಹೆದ್ದಾರಿಯ ಮಗ್ಗುಲಲ್ಲಿ ಸೋಮನಹಳ್ಳಿಯಿದೆ. ಕರ್ನಾಟಕದ ಮುಖ್ಯಮಂತ್ರಿಯಾಗಿ, ಮಹಾರಾಷ್ಟ್ರದ ರಾಜ್ಯಪಾಲರಾಗಿ, ದೇಶದ ವಿದೇಶಾಂಗ ಸಚಿವರಾಗಿ ಬಾಳಿದ ಎಸ್.ಎಂ. ಕೃಷ್ಣ ಅವರು ಹುಟ್ಟಿದ್ದು ಅಲ್ಲಿ, 1932ರ ಮೇ 1ರಂದು. 2024ರ ಡಿಸೆಂಬರ್ 10ರಂದು ಬೆಂಗಳೂರಿನಲ್ಲಿ ನಿಧನರಾದ ಅವರ ಅಂತ್ಯಕ್ರಿಯೆ ನಡೆದದ್ದೂ ಅಲ್ಲಿಯೇ. ಈ ಎರಡು ದಿನಗಳ ನಡುವಿನ ತೊಂಬತ್ತೆರಡು ವರ್ಷಗಳನ್ನು ತವರು ನೆಲದ ಕಡೆಯಿಂದ ನೋಡುವುದು ಈ ಲೇಖನದ ಉದ್ದೇಶ.

ಮದ್ದೂರು ಸೀಮೆ ಇತಿಹಾಸಕ್ಕೆ ಹೊಸದಲ್ಲ. ಆರೆತಿಪ್ಪೂರಿನ ಬೆಟ್ಟದ ಬಾಹುಬಲಿಯೂ ಬಸದಿಗಳ ಅವಶೇಷಗಳೂ ಗಂಗರ ಕಾಲದ ಜಿನಧರ್ಮದ ನೆಲೆಯನ್ನು ಇಂದಿಗೂ ನೆನಪಿಸುತ್ತವೆ. ಇದೇ ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಶಾಸನ ಕನ್ನಡ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪರವಾಗಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ಆ ಯುದ್ಧದಲ್ಲಿ ಮೆರೆದ ಮಣಲೇರನು ತನ್ನೊಡೆಯನಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೊಂದು ಕಲ್ಲು ನಿಂತಿತು. ಸಾಮ್ರಾಜ್ಯದ ಗೆಲುವನ್ನೂ ಒಂದು ನಾಯಿಯ ಸಾವನ್ನೂ ಒಂದೇ ಕಲ್ಲಿನಲ್ಲಿ ಬರೆದಿಟ್ಟ ನೆಲ ಇದು. ಇಲ್ಲಿನ ರಾಜಕಾರಣಿಯೊಬ್ಬರ ಚರಿತ್ರೆಯನ್ನು ಬರೆಯುವವರಿಗೂ ಆ ಕಲ್ಲು ಒಂದು ಪಾಠ ಹೇಳುತ್ತದೆ: ಪದವಿಗಳ ಪಟ್ಟಿಯಷ್ಟನ್ನೇ ಕೊಟ್ಟು ನಿಲ್ಲಿಸಬಾರದು.

ಆಧುನಿಕ ರಾಜಕೀಯ ಪ್ರಜ್ಞೆಯೂ ಇಲ್ಲಿ ಬೇಗ ಮೂಡಿತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಮಗ್ಗುಲ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿ, ಸರ್ಕಾರದ ನಿಷೇಧವನ್ನು ಮೀರಿ ಧ್ವಜವನ್ನೇರಿಸಲಾಯಿತು. ಮದ್ದೂರಿನ ಎಚ್.ಕೆ. ವೀರಣ್ಣಗೌಡರಂಥವರು ಅದರ ಹಿಂದಿದ್ದರು. ಕೃಷ್ಣರಿಗೆ ಆಗ ಆರು ತುಂಬಲು ಕೆಲವೇ ವಾರಗಳು ಬಾಕಿಯಿದ್ದವು. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು ಮರುವರ್ಷ, 1939ರಲ್ಲಿ. ಕನ್ನಂಬಾಡಿಯ ನಾಲೆ, ಕಬ್ಬಿನ ಗದ್ದೆ, ಸಕ್ಕರೆ ಕಾರ್ಖಾನೆ, ಸತ್ಯಾಗ್ರಹ ಇವೆಲ್ಲ ಒಂದೇ ತಲೆಮಾರಿನಲ್ಲಿ ಕೂಡಿಬಂದ ಸೀಮೆಯಲ್ಲಿ ಅವರ ಬಾಲ್ಯ ಕಳೆಯಿತು.

ಮೈಸೂರಿನ ಶ್ರೀರಾಮಕೃಷ್ಣ ವಿದ್ಯಾಶಾಲೆ, ಮಹಾರಾಜ ಕಾಲೇಜು, ಬೆಂಗಳೂರಿನಲ್ಲಿ ಕಾನೂನು ವ್ಯಾಸಂಗ; ಬಳಿಕ ಅಮೆರಿಕದ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ, ಫುಲ್‌ಬ್ರೈಟ್ ವಿದ್ವಾಂಸರಾಗಿ ವಾಷಿಂಗ್ಟನ್ನಿನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯ. 1960ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅವರು ಜಾನ್ ಕೆನಡಿಯವರ ಪರವಾಗಿ ಭಾರತೀಯರ ನಡುವೆ ಪ್ರಚಾರ ಮಾಡಿದ್ದರು. ಅಲ್ಲಿಯೇ ನೆಲೆ ನಿಲ್ಲಬಹುದಾಗಿದ್ದ ತರುಣ ಮರಳಿ ಬಂದು ಬೆಂಗಳೂರಿನ ರೇಣುಕಾಚಾರ್ಯ ಕಾನೂನು ಕಾಲೇಜಿನಲ್ಲಿ ಅಂತಾರಾಷ್ಟ್ರೀಯ ಕಾನೂನಿನ ಪಾಠ ಹೇಳಿದರು. 1962ರಲ್ಲಿ, ಮೂವತ್ತು ತುಂಬುವ ಮೊದಲೇ, ಮದ್ದೂರಿನಿಂದ ಸ್ವತಂತ್ರ ಅಭ್ಯರ್ಥಿಯಾಗಿ ವಿಧಾನಸಭೆಗೆ ಆರಿಸಿಬಂದರು.

ಎದುರಾಳಿ ಸಾಮಾನ್ಯರಲ್ಲ. ಮಂಡ್ಯದ ಜನ ‘ನಿತ್ಯ ಸಚಿವ’ ಎಂದು ಕರೆಯುತ್ತಿದ್ದ ಕೆ.ವಿ. ಶಂಕರಗೌಡರು, ಜಿಲ್ಲೆಯಲ್ಲಿ ವಿದ್ಯಾಸಂಸ್ಥೆಗಳನ್ನು ಕಟ್ಟಿದವರು, ರಂಗಭೂಮಿಯ ಪ್ರೇಮಿ. ಅವರ ಪರವಾಗಿ ಜವಾಹರಲಾಲ್ ನೆಹರೂ ಅವರೇ ಪ್ರಚಾರ ಮಾಡಿದ್ದರು. ಪ್ರಧಾನಿಯ ಮಾತಿಗಿಂತ ಊರ ಹುಡುಗನ ಮಾತು ಮದ್ದೂರಿಗೆ ಹತ್ತಿರವಾಯಿತು. ಆದರೆ ಅದೇ ಮದ್ದೂರು 1967ರಲ್ಲಿ ಕೃಷ್ಣರನ್ನು ಸೋಲಿಸಿ ಕಾಂಗ್ರೆಸ್ಸಿನ ಎಂ. ಮಂಚೇಗೌಡರನ್ನು ಆರಿಸಿತು. ಈ ಸೀಮೆಯ ಮತದಾರರು ಯಾರಿಗೂ ಶಾಶ್ವತ ಪಟ್ಟ ಕಟ್ಟಿದವರಲ್ಲ. 1968ರ ಮಂಡ್ಯ ಲೋಕಸಭಾ ಉಪಚುನಾವಣೆಯಲ್ಲಿ ಪ್ರಜಾ ಸಮಾಜವಾದಿ ಪಕ್ಷದಿಂದ ಗೆದ್ದ ಕೃಷ್ಣ, 1971ರಲ್ಲಿ ಇಂದಿರಾ ಕಾಂಗ್ರೆಸ್ಸಿನಿಂದ ಗೆದ್ದರು. ಮರುವರ್ಷ ಸಂಸತ್ತನ್ನು ಬಿಟ್ಟು ಬಂದು ದೇವರಾಜ ಅರಸರ ಸಂಪುಟದಲ್ಲಿ ಕೈಗಾರಿಕಾ ಸಚಿವರಾದರು. 1980ರಲ್ಲಿ ಮತ್ತೆ ಲೋಕಸಭೆ, ಕೇಂದ್ರದಲ್ಲಿ ರಾಜ್ಯ ಸಚಿವ ಸ್ಥಾನ. 1984ರಲ್ಲಿ ಮಂಡ್ಯ ಲೋಕಸಭಾ ಕ್ಷೇತ್ರ ಜನತಾ ಪಕ್ಷದ ಶಂಕರಗೌಡರ ಪಾಲಾಯಿತು. 1989ರಲ್ಲಿ ಮದ್ದೂರಿನಿಂದ ಗೆದ್ದು ವಿಧಾನಸಭಾಧ್ಯಕ್ಷರಾದರು, 1993ರಲ್ಲಿ ವೀರಪ್ಪ ಮೊಯಿಲಿಯವರ ಸರ್ಕಾರದಲ್ಲಿ ಉಪಮುಖ್ಯಮಂತ್ರಿಯಾದರು, 1994ರಲ್ಲಿ ಸೋತರು.

1999ರಲ್ಲಿ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ‘ಪಾಂಚಜನ್ಯ’ ಯಾತ್ರೆ ಹೊರಟ ಕೃಷ್ಣ, 132 ಸ್ಥಾನಗಳ ಬಹುಮತದೊಡನೆ ಅಕ್ಟೋಬರ್ 11ರಂದು ಮುಖ್ಯಮಂತ್ರಿಯಾದರು. ಅವರ ಆಳ್ವಿಕೆಯನ್ನು ಹೊಗಳುವವರು ಬೆಂಗಳೂರನ್ನು ತೋರಿಸುತ್ತಾರೆ. ತೆಗಳುವವರೂ ಬೆಂಗಳೂರನ್ನೇ ತೋರಿಸುತ್ತಾರೆ. ಮಾಹಿತಿ ತಂತ್ರಜ್ಞಾನ, ನಗರಾಭಿವೃದ್ಧಿಗೆಂದು ರಚಿಸಿದ ಕಾರ್ಯಪಡೆ, ಸಿಂಗಪುರದ ಮಾತು, ವಿಕಾಸಸೌಧ ಇವೇ ಎರಡೂ ಕಡೆಯವರ ಸಾಕ್ಷಿಗಳು. ಹಳ್ಳಿಗಾಡಿನ ಕಡೆಗೆ ಸಂದ ಕೆಲಸಗಳು ಈ ಗದ್ದಲದಲ್ಲಿ ಮರೆಯಾಗಿವೆ. ಮೊದಲೇ ಆರಂಭವಾಗಿದ್ದ ‘ಭೂಮಿ’ ಯೋಜನೆ ಅವರ ಕಾಲದಲ್ಲಿ ರಾಜ್ಯವ್ಯಾಪಿಯಾಗಿ, ಸುಮಾರು ಎರಡು ಕೋಟಿ ಪಹಣಿಗಳು ಗಣಕಕ್ಕೇರಿದವು. ಶ್ಯಾನುಭೋಗರ ಬರವಣಿಗೆಯ ಮರ್ಜಿಯಿಂದ ರೈತ ಬಿಡುಗಡೆ ಪಡೆದ. 2002ರ ಜೂನ್‌ನಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶಾಲಾ ಮಕ್ಕಳಿಗೆ ಬಿಸಿಯೂಟ ಆರಂಭವಾಗಿ ಮುಂದೆ ನಾಡಿಗೆಲ್ಲ ಹಬ್ಬಿತು. ಸಹಕಾರ ಸಂಘಗಳ ಸದಸ್ಯ ರೈತರಿಗೆ ‘ಯಶಸ್ವಿನಿ’ ಆರೋಗ್ಯ ಯೋಜನೆ, ಮಹಿಳೆಯರಿಗೆ ‘ಸ್ತ್ರೀಶಕ್ತಿ’ ಗುಂಪುಗಳು ಬಂದವು. ಆಹಾರದಾನ, ಔಷಧದಾನಗಳನ್ನು ಚತುರ್ವಿಧ ದಾನಗಳಲ್ಲಿ ಎಣಿಸುವ ಪರಂಪರೆಯವನಾದ ನನಗೆ, ಹಸಿದ ಮಗುವಿಗೆ ಶಾಲೆಯಲ್ಲಿ ಸಿಕ್ಕ ಒಂದು ಹೊತ್ತಿನ ಅನ್ನ ಯಾವ ಸೌಧಕ್ಕಿಂತಲೂ ಎತ್ತರವಾಗಿ ಕಾಣುತ್ತದೆ.

ಸಂಕಟಗಳೂ ಬೆನ್ನುಹತ್ತಿ ಬಂದವು. 2000ದ ಜುಲೈ 30ರಂದು ವೀರಪ್ಪನ್ ಡಾ. ರಾಜಕುಮಾರ್ ಅವರನ್ನು ಅಪಹರಿಸಿದ. 108 ದಿನಗಳ ಬಳಿಕ ಅವರು ಬಿಡುಗಡೆಯಾದರು. 2002ರ ಆಗಸ್ಟ್‌ನಲ್ಲಿ ಅಪಹೃತರಾದ ಮಾಜಿ ಸಚಿವ ಎಚ್. ನಾಗಪ್ಪನವರು ಜೀವಂತವಾಗಿ ಮರಳಲಿಲ್ಲ. ಇವುಗಳ ಜೊತೆಗೆ ಮೂರು ವರ್ಷ ಸಾಲಾಗಿ ಬರ.

ತವರಿಗೂ ಅಧಿಕಾರಕ್ಕೂ ನಡುವಣ ನಿಜವಾದ ಪರೀಕ್ಷೆ ನಡೆದದ್ದು 2002ರ ಮಳೆಗಾಲ ಕೈಕೊಟ್ಟಾಗ. ಆ ಸೆಪ್ಟೆಂಬರ್ 3ರಂದು ಸುಪ್ರೀಂ ಕೋರ್ಟ್ ತಮಿಳುನಾಡಿಗೆ ದಿನಕ್ಕೆ 1.25 ಟಿಎಂಸಿ ಅಡಿ ಕಾವೇರಿ ನೀರು ಬಿಡಲು ಸೂಚಿಸಿತು. ಪ್ರಧಾನಿ ವಾಜಪೇಯಿಯವರ ಅಧ್ಯಕ್ಷತೆಯ ಕಾವೇರಿ ನದಿ ಪ್ರಾಧಿಕಾರ ಅದನ್ನು 0.8 ಟಿಎಂಸಿಗೆ ಇಳಿಸಿತು. ಮಂಡ್ಯದ ಗದ್ದೆಗಳಲ್ಲಿ ಬೆಳೆ ಒಣಗುತ್ತಿತ್ತು; ಜಿ. ಮಾದೇಗೌಡರ ಮುಂದಾಳತನದಲ್ಲಿ ರೈತರು ಬೀದಿಗಿಳಿದಿದ್ದರು. ಕಬಿನಿ ಜಲಾಶಯಕ್ಕೆ ಹಾರಿ ರೈತರೊಬ್ಬರು ಪ್ರಾಣ ಬಿಟ್ಟಾಗ ಸರ್ಕಾರ ನೀರು ನಿಲ್ಲಿಸಿತು. ಅಕ್ಟೋಬರ್‌ನಲ್ಲಿ ಕೃಷ್ಣ ಬೆಂಗಳೂರಿನಿಂದ ಮಂಡ್ಯದತ್ತ ಪಾದಯಾತ್ರೆ ಹೊರಟರು. ಮುಖ್ಯಮಂತ್ರಿಯೊಬ್ಬರು ತಮ್ಮದೇ ಜಿಲ್ಲೆಯ ಜನರ ಕೋಪವನ್ನು ತಣಿಸಲು ಕಾಲ್ನಡಿಗೆಯಲ್ಲಿ ಹೊರಟ ಆ ದೃಶ್ಯದಲ್ಲಿ ಪ್ರಾಮಾಣಿಕತೆಯೆಷ್ಟು, ರಾಜಕೀಯದ ಲೆಕ್ಕಾಚಾರವೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಎರಡೂ ಇದ್ದಿರಬೇಕು. ಕಡೆಗೆ ನ್ಯಾಯಾಂಗ ನಿಂದನೆಯ ಕತ್ತಿ ತೂಗಿದಾಗ ಸರ್ಕಾರ ನೀರು ಬಿಟ್ಟು, ಕೋರ್ಟಿನ ಮುಂದೆ ಬೇಷರತ್ ಕ್ಷಮೆ ಯಾಚಿಸಿತು.

ಅಂತಾರಾಷ್ಟ್ರೀಯ ಕಾನೂನನ್ನು ಬೋಧಿಸಿದ್ದ ವ್ಯಕ್ತಿಗೆ ನ್ಯಾಯಾಲಯದ ಆದೇಶದ ಅರ್ಥ ತಿಳಿಯದಿರಲಿಲ್ಲ. ಸೋಮನಹಳ್ಳಿಯಲ್ಲಿ ಹುಟ್ಟಿದವರಿಗೆ ಒಣಗಿದ ಗದ್ದೆಯ ಅರ್ಥವೂ ತಿಳಿಯದಿರಲಿಲ್ಲ. ಎರಡನ್ನೂ ಬಲ್ಲವರಾಗಿದ್ದರಿಂದಲೇ ಅವರು ಎರಡಕ್ಕೂ ಪೂರ್ತಿ ಸಲ್ಲಲಾಗಲಿಲ್ಲ. ನೀರು ನಿಲ್ಲಿಸಿದಾಗ ಕಾನೂನಿಗೆ ತಪ್ಪಿದರು, ಬಿಟ್ಟಾಗ ತವರಿಗೆ ತಪ್ಪಿದರು. ನೀರು ಹೋದರೆ ಹೋಗುವುದು ರೈತನ ಬೆಳೆಯೊಂದೇ ಅಲ್ಲ. ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆಗಳಲ್ಲಿ ಮೀನಿದ್ದರೆ ಬೆಳ್ಳೂರಿನ ಮರಗಳಲ್ಲಿ ಮರಿಗಳು. ಕೆರೆ ಒಣಗಿದ ವರ್ಷ ತವರಿಗೆ ಬರುವ ಹೆಣ್ಣುಮಕ್ಕಳೂ ಕಡಿಮೆ. ದೆಹಲಿಯಲ್ಲಿ ನಡೆದ ಟಿಎಂಸಿ ಲೆಕ್ಕದಲ್ಲಿ ಈ ಜೀವಗಳಿಗೊಂದು ಅಂಕಣ ಇರಲಿಲ್ಲ.

2004ರ ಚುನಾವಣೆಗೆ ಕೃಷ್ಣ ಮದ್ದೂರನ್ನು ಬಿಟ್ಟು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಿಂತರು. ತಾವು ಗೆದ್ದರೂ ಪಕ್ಷ 65 ಸ್ಥಾನಗಳಿಗೆ ಕುಸಿಯಿತು. ಮದ್ದೂರಿನಿಂದ ಹೊರಟ ರಾಜಕೀಯ ಜೀವನ ಮದ್ದೂರಿನ ಮತವನ್ನು ಮತ್ತೆ ಕೇಳಲಿಲ್ಲ. ಮುಂದೆ ಮಹಾರಾಷ್ಟ್ರದ ರಾಜಭವನ. 2009ರಿಂದ 2012ರವರೆಗೆ ವಿದೇಶಾಂಗ ಖಾತೆ. 2011ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಪೋರ್ಚುಗಲ್ ಸಚಿವರ ಭಾಷಣದ ಪ್ರತಿಯನ್ನು ತಪ್ಪಾಗಿ ಓದಲು ತೊಡಗಿದ ಪ್ರಸಂಗವನ್ನು ನಗೆಗಾರರು ಇಂದಿಗೂ ಬಿಟ್ಟಿಲ್ಲ. ಐದು ದಶಕಗಳ ಬದುಕನ್ನು ಕೆಲವು ನಿಮಿಷಗಳಿಂದ ಅಳೆಯುವುದು ನ್ಯಾಯವಲ್ಲ. 2017ರಲ್ಲಿ ಕಾಂಗ್ರೆಸ್ ತೊರೆದು ಭಾರತೀಯ ಜನತಾ ಪಕ್ಷ ಸೇರಿದ್ದು ಹಲವರಿಗೆ ನೋವು ತಂದಿತು. 2023ರಲ್ಲಿ ಪದ್ಮವಿಭೂಷಣ ಸಂದಿತು.

ಒಂದು ವಸ್ತುವನ್ನು ಒಂದೇ ನಯದಿಂದ ನೋಡಿ ತೀರ್ಪು ಕೊಡಬೇಡ ಎನ್ನುತ್ತದೆ ಅನೇಕಾಂತ. ಬೆಂಗಳೂರಿನ ದೃಷ್ಟಿಯಿಂದ ಕೃಷ್ಣ ದೂರದರ್ಶಿ. ಬಿಸಿಯೂಟ ಉಂಡ ಮಗುವಿನ ದೃಷ್ಟಿಯಿಂದ ಅನ್ನದಾತ. 2002ರ ನಾಲೆಯಂಚಿನ ರೈತನ ದೃಷ್ಟಿಯಿಂದ ಕೈಬಿಟ್ಟು ಹೋದ ಮನೆಮಗ. ಇವುಗಳಲ್ಲಿ ಯಾವುದೂ ಸುಳ್ಳಲ್ಲ, ಯಾವುದೂ ಪೂರ್ಣವಲ್ಲ. ಆದರೆ ಅನೇಕಾಂತವೆಂದರೆ ಎಲ್ಲವನ್ನೂ ಸಮ ಮಾಡಿ ಕೈತೊಳೆದುಕೊಳ್ಳುವುದೂ ಅಲ್ಲ. ನನ್ನ ಮಟ್ಟಿಗೆ, ಅವರು ಕಟ್ಟಿದವುಗಳಲ್ಲಿ ಬಡವನ ತಟ್ಟೆಗೂ ಪಹಣಿಗೂ ತಲುಪಿದ್ದು ಹೆಚ್ಚು ಕಾಲ ಉಳಿಯುತ್ತದೆ. ತವರಿನ ಮತದಾರರ ಎದುರು ಮತ್ತೊಮ್ಮೆ ನಿಂತು 2002ಕ್ಕೆ ಉತ್ತರ ಹೇಳದೆ ಹೋದದ್ದು ಅವರ ಚರಿತ್ರೆಯಲ್ಲಿ ಕೊರತೆಯಾಗಿಯೇ ಉಳಿಯುತ್ತದೆ.

ಆದರೂ ಸೋಮನಹಳ್ಳಿ ಅವರನ್ನು ಕೊನೆಗೆ ಬರಮಾಡಿಕೊಂಡಿತು. ಡಿಸೆಂಬರ್ ತಿಂಗಳು, ಬೆಳ್ಳೂರಿನ ಮರಗಳಿಗೆ ಹಕ್ಕಿಗಳು ಮರಳುವ ಕಾಲ ಹತ್ತಿರವಾಗಿತ್ತು. ಎಲ್ಲಿ ಹಾರಿದ್ದೆ, ಎಷ್ಟು ಮರ ಬದಲಿಸಿದೆ ಎಂದು ಆ ಸೀಮೆ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳುವುದಿಲ್ಲ. ಕೇಳಬೇಕಾದದ್ದು ಇತಿಹಾಸದ ಕೆಲಸ.