ವಿದ್ವತ್ತಿನ ದುಡಿಮೆ ಮತ್ತು ಅದರ ಆಸರೆ

ಸಾಹಿತಿ, ವಿದ್ವಾಂಸ, ಕಲಾವಿದರ ಚರಿತ್ರೆಯನ್ನು ಬರೆಯುವಾಗ ‘ತ್ಯಾಗ’, ‘ನಿಸ್ವಾರ್ಥ ಸೇವೆ’ ಎಂಬ ಪದಗಳಿಗೆ ನಾವು ಬೇಗನೆ ಶರಣಾಗುತ್ತೇವೆ. ಈ ಪದಗಳು ಸುಳ್ಳಲ್ಲ. ಆದರೆ ಇತಿಹಾಸಕಾರನಿಗೆ ಸಾಲವು. ಒಬ್ಬನು ಒಂದು ಕಾರ್ಯವನ್ನು ಏಕೆ ಕೈಗೊಂಡನೆಂಬುದು ಒಂದು ಪ್ರಶ್ನೆ. ಆ ಕಾರ್ಯ ನಡೆಯುವಷ್ಟು ಕಾಲ ಅವನ ಮನೆಯ ಒಲೆ ಹೇಗೆ ಉರಿಯಿತೆಂಬುದು ಇನ್ನೊಂದು. ಇವೆರಡನ್ನೂ ಬೇರೆಬೇರೆಯಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ.

ನಿದರ್ಶನಗಳಿಗೆ ನಾವು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಗಿರಿನಗರದಿಂದ ಪೂರ್ವಕ್ಕೆ ಹನುಮಂತನಗರವನ್ನು ದಾಟಿದರೆ ಗವಿಪುರ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು (1891-1986) ಬಾಳಿದ ಬಡಾವಣೆ ಅದು. ಅವರು ಮೈಸೂರು ಸಂಸ್ಥಾನದ ಸಿವಿಲ್ ಸೇವೆಯಲ್ಲಿ ಅಧಿಕಾರಿಗಳಾಗಿದ್ದರು. ‘ಕೆಲವು ಸಣ್ಣ ಕಥೆಗಳು’ 1920ರಲ್ಲಿ ಪ್ರಕಟವಾದಾಗ ಅವರ ಜೀವನೋಪಾಯ ಕಥೆಯಲ್ಲ, ಕಚೇರಿ. 1943ರಲ್ಲಿ ಸೇವೆಯಿಂದ ಹೊರಬಂದು, 1944ರಿಂದ 1965ರವರೆಗೆ ‘ಜೀವನ’ ಪತ್ರಿಕೆಯನ್ನು ನಡೆಸಿದರು. ‘ಚಿಕವೀರ ರಾಜೇಂದ್ರ’ ಹೊರಬಂದುದು 1956ರಲ್ಲಿ. ಸರ್ಕಾರದ ಸಂಬಳವು ಕಥೆಗಾರನಿಗೆ ಎರಡು ಉಪಕಾರಗಳನ್ನು ಮಾಡಿತೆಂದು ನಮ್ಮ ಅಭಿಪ್ರಾಯ: ಮಾರುಕಟ್ಟೆಗೆ ತಲೆಬಾಗದಂತೆ ಕಾಯಿತು, ನಾಡಿನ ನಾನಾ ಬಗೆಯ ಜನರ ಪರಿಚಯವನ್ನು ಕೊಟ್ಟಿತು. ಅದಕ್ಕೆ ತೆತ್ತ ಬೆಲೆ, ದಿನದ ಉತ್ತಮ ಗಂಟೆಗಳು.

ಡಿ. ವಿ. ಗುಂಡಪ್ಪನವರದು (1887-1975) ಬೇರೆ ಮಾರ್ಗ. ಪದವಿಯಾಗಲಿ ಸರ್ಕಾರಿ ಹುದ್ದೆಯಾಗಲಿ ಅವರಿಗೆ ಇರಲಿಲ್ಲ, ಲೇಖನಿಯೇ ವೃತ್ತಿ. 1943ರಲ್ಲಿ ‘ಮಂಕುತಿಮ್ಮನ ಕಗ್ಗ’ವನ್ನು ಪ್ರಕಟಿಸಿದ ಅವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ನರಸಿಂಹರಾಜ ಕಾಲೊನಿಯ ಆ ಸಂಸ್ಥೆ ಅಧ್ಯಯನವನ್ನು ಒಬ್ಬನ ಮನೆಯಿಂದ ಊರಿನ ನಡುವಿಗೆ ತಂದಿತು. ಪತ್ರಕರ್ತನ ಆದಾಯ ಸ್ಥಿರವಲ್ಲ. ಅಲ್ಲಿ ಆಸರೆಯಾದದ್ದು ಸಂಬಳವಲ್ಲ, ಮಿತ್ರಮಂಡಲಿ ಮತ್ತು ಓದುಗರು.

ಮೂರನೆಯ ನಿದರ್ಶನ ಜಯನಗರದಲ್ಲಿ ವಾಸವಾಗಿದ್ದ ಜಿ. ವೆಂಕಟಸುಬ್ಬಯ್ಯನವರು (1913-2021). ಅವರು ಕಾಲೇಜು ಅಧ್ಯಾಪಕರು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ಕನ್ನಡ ನಿಘಂಟಿನ 8 ಸಂಪುಟಗಳು ಪೂರ್ಣಗೊಂಡದ್ದು 1995ರಲ್ಲಿ. ಶಾಸನಗಳಿಂದಲೂ ಕಾವ್ಯಗಳಿಂದಲೂ ಪ್ರಯೋಗಗಳನ್ನು ಚೀಟಿಗಳಿಗೆ ಇಳಿಸಿ, ವಿಂಗಡಿಸಿ, ಅರ್ಥ ನಿರ್ಣಯಿಸುವ ಕೆಲಸಕ್ಕೆ ಒಬ್ಬನ ಉತ್ಸಾಹ ಸಾಲದು. ಕಚೇರಿ, ಸಹಾಯಕರು, ಅನುದಾನ, ತಲೆಮಾರುಗಳ ತಾಳ್ಮೆ ಬೇಕು. ಇಷ್ಟಿದ್ದರೂ ಒಲವಿಲ್ಲದೆ ಅದು ಮುಗಿಯುತ್ತಿರಲಿಲ್ಲ. ಕಾಲೇಜಿನಿಂದ ನಿವೃತ್ತರಾದ ಮೇಲೂ ಅವರು ಆ ಕಾರ್ಯವನ್ನು ಬಿಡಲಿಲ್ಲ. ಬಳಿಕ ‘ಇಗೋ ಕನ್ನಡ’ ಅಂಕಣದಲ್ಲಿ ಸಾಮಾನ್ಯ ಓದುಗನ ಸಂಶಯಕ್ಕೂ ಉತ್ತರ ಬರೆದರು.

ಇವರ ಜೊತೆಗೆ, ನಗರದ ಇನ್ನೊಂದು ತುದಿಯ ಮಲ್ಲೇಶ್ವರದಲ್ಲಿ ಬಾಳಿದ ಚಿತ್ರಕಾರ ಕೆ. ವೆಂಕಟಪ್ಪನವರನ್ನು (1886-1965) ನೆನೆಯಬೇಕು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಮರಳಿದ ಅವರು ಮೈಸೂರರಮನೆಯ ಆಶ್ರಯದಲ್ಲಿ ದುಡಿದರು. ಆಶ್ರಯದಾತರಾದ ನಾಲ್ವಡಿ ಕೃಷ್ಣರಾಜ ಒಡೆಯರು 1940ರಲ್ಲಿ ತೀರಿಕೊಂಡ ಅನಂತರ, ತಮ್ಮ ಕೆಲಸದ ಪ್ರತಿಫಲಕ್ಕಾಗಿ ಅವರು ನ್ಯಾಯಾಲಯದ ಮೊರೆಹೊಕ್ಕರು. ಕಲೆಗಾಗಿ ಬಾಳನ್ನೇ ಮುಡಿಪಿಟ್ಟವನು ಕೂಲಿ ಕೇಳಿದನೆಂದು ಕೆಲವರಿಗೆ ಅಚ್ಚರಿಯಾಗಬಹುದು. ನಮಗೆ ಅದರಲ್ಲಿ ವಿರೋಧ ಕಾಣುವುದಿಲ್ಲ. ತನ್ನ ವೇಳೆಗೆ ಬೆಲೆಯುಂಟೆಂದು ಸಾರುವುದು ಕಲೆಯ ಮೇಲಣ ಗೌರವದ ಇನ್ನೊಂದು ಮುಖ.

ಈ ನಾಲ್ವರಿಂದ ಹೊರಡುವ ನಿರ್ಣಯ ಇಷ್ಟು: ಒಲವು ಕಾರ್ಯವನ್ನು ಆರಂಭಿಸುತ್ತದೆ, ಆಸರೆ ಅದನ್ನು ಮುಗಿಸುತ್ತದೆ. ಕಚೇರಿ, ಓದುಗವರ್ಗ, ಪರಿಷತ್ತು, ಅರಮನೆ, ಇವು ಆಸರೆಯ ನಾಲ್ಕು ರೂಪಗಳು. ‘ತ್ಯಾಗ’ವೆಂಬ ಒಂದೇ ಪದದಿಂದ ಇವನ್ನು ಮರೆಸಿದರೆ, ಮುಂದಿನ ವಿದ್ವಾಂಸನಿಗೆ ಸಮಾಜವು ಸಲ್ಲಿಸಬೇಕಾದ ಋಣವನ್ನೂ ಮರೆಸಿದಂತಾಗುತ್ತದೆ. ಅಧ್ಯಾಪಕರಾದ ನಾವು ತರಗತಿಯಲ್ಲಿ ಈ ಹಿರಿಯರ ಕೃತಿಗಳನ್ನು ಪರಿಚಯಿಸುವಾಗ, ಅವುಗಳ ಹಿಂದಿನ ದುಡಿಮೆಯ ಲೆಕ್ಕವನ್ನೂ ವಿದ್ಯಾರ್ಥಿಗಳ ಮುಂದಿಡುವುದು ಯುಕ್ತ.