ಹೀಲಿಯಂ: ಶೋಧದ ದಿನಾಂಕಗಳು

ಹೀಲಿಯಂ ಧಾತುವಿನ ಶೋಧವನ್ನು ನೆನೆಯುವ ದಿನವೆಂದು ಸಾಮಾನ್ಯವಾಗಿ ಆಗಸ್ಟ್ 18ನ್ನು ಹೆಸರಿಸುತ್ತಾರೆ. 1868ರ ಆ ದಿನ ಭಾರತದ ಮೇಲೆ ಹಾದುಹೋದ ಖಗ್ರಾಸ ಸೂರ್ಯಗ್ರಹಣದ ಸಮಯದಲ್ಲಿ ಫ್ರಾನ್ಸಿನ ಪಿಯರ್ ಜಾನ್ಸೆನ್ ಗುಂಟೂರಿನಲ್ಲಿ ಈ ಧಾತುವನ್ನು ಕಂಡುಹಿಡಿದನೆಂಬುದು ಅನೇಕ ಪುಸ್ತಕಗಳಲ್ಲಿ ಉಳಿದುಬಂದಿರುವ ಮಾತು. ಆ ಕಾಲದ ವರದಿಗಳನ್ನು ನೋಡಿದರೆ ಚಿತ್ರ ಬೇರೆಯೇ ಆಗುತ್ತದೆ. ಅಂದು ಹಲವರು ಸೂರ್ಯನ ಅಂಚಿನ ಜ್ವಾಲೆಗಳ ರೋಹಿತದಲ್ಲಿ ಒಂದು ಹಳದಿ ರೇಖೆಯನ್ನು ಕಂಡರು. ಅದು ಹೊಸದೆಂದು ಯಾರೂ ಸಾರಲಿಲ್ಲ. ಹೊಸತನ ಸ್ಪಷ್ಟವಾದದ್ದು ಅದೇ ವರ್ಷದ ಅಕ್ಟೋಬರ್ 20ರ ನಂತರ, ಲಂಡನ್ನಿನಲ್ಲಿ. ಅನಿಲ ಕೈಗೆ ಸಿಕ್ಕಿದ್ದು 1895ರ ಮಾರ್ಚ್‌ನಲ್ಲಿ. ಆದ್ದರಿಂದ ಹೀಲಿಯಂಗೆ ಒಂದೇ ಹುಟ್ಟುದಿನವನ್ನು ಗೊತ್ತುಮಾಡುವುದು ಇತಿಹಾಸಕ್ಕೆ ನ್ಯಾಯವಾಗದು.

ಹಿನ್ನೆಲೆ

1814ರಲ್ಲಿ ಯೋಸೆಫ್ ಫ್ರೌನ್‌ಹೋಫರ್ ಸೂರ್ಯನ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ, ಬಣ್ಣಗಳ ನಡುನಡುವೆ ನೂರಾರು ಕಪ್ಪು ರೇಖೆಗಳನ್ನು ಗುರುತಿಸಿದ. ಮುಖ್ಯವಾದವುಗಳಿಗೆ ರೋಮನ್ ಅಕ್ಷರಗಳನ್ನು ಕೊಟ್ಟ. ಹಳದಿ ಭಾಗದ ಒತ್ತೊತ್ತಾದ ಜೋಡಿ ರೇಖೆಗೆ ಡಿ ಎಂಬ ಅಕ್ಷರ ಬಂತು. ಈ ಜೋಡಿ ಸೋಡಿಯಂನದು ಎಂದು ಹೈಡೆಲ್‌ಬರ್ಗ್‌ನಲ್ಲಿ ಗುಸ್ತಾವ್ ಕಿರ್ಖಾಫ್ 1859ರಲ್ಲಿ ತೋರಿಸಿದ. ಆತನೂ ರಾಬರ್ಟ್ ಬುನ್ಸೆನ್ನನೂ ಸೇರಿ, ಪ್ರತಿ ಧಾತುವಿಗೂ ಅದರದೇ ರೇಖೆಗಳಿವೆ ಎಂಬುದನ್ನು ಸಾಧಿಸಿದರು. ಅದೇ ಉಪಾಯದಿಂದ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಎಂಬ ಹೊಸ ಧಾತುಗಳನ್ನು ಪತ್ತೆಹಚ್ಚಿದರು. ಹೀಗೆ ಪ್ರಯೋಗಶಾಲೆಯ ರಸಾಯನವಿಜ್ಞಾನ ಸೂರ್ಯನವರೆಗೂ ಕೈಚಾಚಿತು.

ಆಗ ಉಳಿದಿದ್ದ ದೊಡ್ಡ ಪ್ರಶ್ನೆಯೆಂದರೆ, ಗ್ರಹಣದ ಹೊತ್ತಿನಲ್ಲಿ ಸೂರ್ಯಬಿಂಬದ ಅಂಚಿನಲ್ಲಿ ಕಾಣುವ ಕೆಂಪು ಜ್ವಾಲೆಗಳು ಏನು ಎಂಬುದು. ಅವು ಕಾದ ಅನಿಲವಾಗಿದ್ದರೆ ಅವುಗಳ ರೋಹಿತದಲ್ಲಿ ಕೆಲವೇ ಹೊಳೆಯುವ ರೇಖೆಗಳು ಕಾಣಬೇಕಾಗಿತ್ತು. ಅದನ್ನು ಪರೀಕ್ಷಿಸಲು 1868ರ ಗ್ರಹಣ ಅಪೂರ್ವ ಅವಕಾಶವಾಯಿತು. ಅದರ ಪೂರ್ಣಗ್ರಹಣ ಗರಿಷ್ಠ 6 ನಿಮಿಷಕ್ಕೂ ಮಿಗಿಲಾಗಿತ್ತು. ನೆರಳು ಏಡನ್‌ನಿಂದ ಭಾರತವನ್ನು ದಾಟಿ ಸಯಾಮಿನತ್ತ ಸಾಗಿತು.

1868, ಆಗಸ್ಟ್ 18

ನೆರಳಿನ ಹಾದಿ ಬಿಜಾಪುರ ಸೀಮೆಯ ಮೇಲಿನಿಂದ ಗುಂಟೂರು, ಮಚಲೀಪಟ್ಟಣಗಳತ್ತ ಹೋಗುತ್ತಿತ್ತು. ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ವೀಕ್ಷಣೆಗೆ ನಿಂತ ಲೆಫ್ಟಿನೆಂಟ್ ಜಾನ್ ಹರ್ಷಲ್ ಆರಿಸಿಕೊಂಡ ಊರು ಜಮಖಂಡಿ. ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ ಈ ಊರು ಆಗ ಪಟವರ್ಧನರ ಸಂಸ್ಥಾನದ ರಾಜಧಾನಿ. ಹರ್ಷಲ್ ಭಾರತದ ತ್ರಿಕೋನಮಾಪನ ಸರ್ವೇಕ್ಷಣೆಯ ಅಧಿಕಾರಿ, ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷಲ್‌ನ ಮೊಮ್ಮಗ. ಮೋಡಗಳು ಅಡ್ಡಬರುತ್ತಿದ್ದರೂ ನಡುವೆ ದೊರೆತ ಬಿಡುವಿನಲ್ಲಿ ಈತ ಜ್ವಾಲೆಯ ರೋಹಿತದಲ್ಲಿ ಕೆಂಪು, ಕಿತ್ತಳೆ, ನೀಲಿ ಬಣ್ಣದ ಮೂರು ರೇಖೆಗಳನ್ನು ಕಂಡ. ಕಿತ್ತಳೆಯದನ್ನು ಸೋಡಿಯಂನ ಡಿ ರೇಖೆ ಎಂದೇ ತಿಳಿದ. ಕನ್ನಡ ನಾಡಿನಲ್ಲಿ ಹೀಲಿಯಂನ ಬೆಳಕನ್ನು ಉಪಕರಣದ ಮೂಲಕ ಕಂಡ ಈ ಪ್ರಸಂಗ ಇಲ್ಲಿನ ವಿಜ್ಞಾನ ಚರಿತ್ರೆಯಲ್ಲಿ ಇನ್ನೂ ಹೆಚ್ಚಿನ ಜಾಗಕ್ಕೆ ಅರ್ಹವಾಗಿದೆ.

ಗುಂಟೂರಿನಲ್ಲಿ ಜಾನ್ಸೆನ್ ಒಬ್ಬನೇ ಇರಲಿಲ್ಲ. ಮೇಜರ್ ಜೇಮ್ಸ್ ಟೆನೆಂಟ್‌ನ ಬ್ರಿಟಿಷ್ ತಂಡವೂ ಅಲ್ಲಿತ್ತು. ಮದರಾಸು ವೀಕ್ಷಣಾಲಯದ ನಾರ್ಮನ್ ಪಾಗ್ಸನ್ ಮಚಲೀಪಟ್ಟಣದಲ್ಲಿದ್ದ. ಅದೇ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ವನಪರ್ತಿಗೆ ಹೋಗಿದ್ದ. ಜ್ವಾಲೆಗಳು ಅನಿಲರೂಪದವು, ಅವುಗಳಲ್ಲಿ ಹೈಡ್ರೋಜನ್ ಇದೆ ಎಂಬ ತೀರ್ಮಾನ ಹಲವೆಡೆ ಒಂದೇ ದಿನ ಮೂಡಿತು. ಹಳದಿ ರೇಖೆ ಡಿ ರೇಖೆಯ ಸ್ಥಾನದಲ್ಲೋ ಅದರ ಹತ್ತಿರದಲ್ಲೋ ಇದೆ ಎಂದು ಎಚ್ಚರದಿಂದ ಬರೆದವನು ಪಾಗ್ಸನ್. ಆತನ ವರದಿ ದೂರದವರೆಗೆ ತಲುಪಲಿಲ್ಲ, ಕೀರ್ತಿಯೂ ಸಿಗಲಿಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿ ಬಿಮನ್ ನಾಥ್ ಹೀಲಿಯಂ ಶೋಧದ ಚರಿತ್ರೆಯನ್ನು ಪುಸ್ತಕವಾಗಿ ಬರೆದು ಈ ಮರೆವನ್ನು ಎತ್ತಿ ತೋರಿಸಿದ್ದಾರೆ.

ಜಾನ್ಸೆನ್‌ನ ನಿಜವಾದ ಸಾಧನೆ ಮರುದಿನದ್ದು. ಗ್ರಹಣದಲ್ಲಿ ಕಂಡ ರೇಖೆಗಳು ಎಷ್ಟು ಪ್ರಖರವಾಗಿದ್ದವೆಂದರೆ, ಅವನ್ನು ಗ್ರಹಣವಿಲ್ಲದೆಯೂ ನೋಡಬಹುದೆಂದು ಈತನಿಗೆ ಹೊಳೆಯಿತು. ಆಕಾಶದ ಚದರಿದ ಬೆಳಕನ್ನು ರೋಹಿತದರ್ಶಕ ಎಲ್ಲ ಬಣ್ಣಗಳಿಗೂ ಹರಡಿ ತೆಳುಗೊಳಿಸುತ್ತದೆ. ಜ್ವಾಲೆಯ ಬೆಳಕು ಮಾತ್ರ ಕೆಲವೇ ರೇಖೆಗಳಲ್ಲಿ ಒಟ್ಟುಗೂಡಿರುವುದರಿಂದ ಅವು ಎದ್ದು ಕಾಣುತ್ತವೆ. ಆಗಸ್ಟ್ 19ರ ಬೆಳಗ್ಗೆ ಜಾನ್ಸೆನ್ ಹಾಗೆಯೇ ಕಂಡ. ನಿಮಿಷಗಳ ಲೆಕ್ಕದಲ್ಲಿ ಸಿಗುತ್ತಿದ್ದ ನೋಟ ಇನ್ನು ಬಿಸಿಲಿರುವ ಯಾವ ದಿನವಾದರೂ ಸಿಗುವಂತಾಯಿತು. ಗುಂಟೂರಿಗೆ ಸಲ್ಲಬೇಕಾದ ಗೌರವ ಇದಕ್ಕಾಗಿ, ಮತ್ತು ಅದು ಸಣ್ಣ ಗೌರವವಲ್ಲ.

1868, ಅಕ್ಟೋಬರ್ 20

ಇದೇ ಉಪಾಯವನ್ನು ನಾರ್ಮನ್ ಲಾಕ್ಯರ್ 1866ರಲ್ಲೇ ಸೂಚಿಸಿದ್ದ. ಈತ ಬ್ರಿಟಿಷ್ ಯುದ್ಧ ಇಲಾಖೆಯ ಗುಮಾಸ್ತ. ಖಗೋಳವಿಜ್ಞಾನ ಆತನ ಬಿಡುವಿನ ಹವ್ಯಾಸ. ತಕ್ಕ ಶಕ್ತಿಯ ರೋಹಿತದರ್ಶಕ ತಯಾರಾಗಿ ಕೈಸೇರುವುದು ಅಕ್ಟೋಬರ್‌ವರೆಗೂ ತಡವಾಯಿತು. 20ರಂದು ಲಾಕ್ಯರ್ ಜ್ವಾಲೆಯ ರೇಖೆಗಳನ್ನು ಕಂಡ. ಆತನ ಪತ್ರವೂ ಸೆಪ್ಟೆಂಬರ್ 19ರಂದು ಭಾರತದಿಂದ ಜಾನ್ಸೆನ್ ಬರೆದ ಪತ್ರವೂ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಅಕ್ಟೋಬರ್ 26ರ ಸಭೆಯಲ್ಲೇ ಓದಲ್ಪಟ್ಟವು. ಫ್ರೆಂಚ್ ಸರ್ಕಾರ ಮುಂದೆ ಇಬ್ಬರ ಮುಖವನ್ನೂ ಮೂಡಿಸಿ ಒಂದೇ ಪದಕವನ್ನು ಟಂಕಿಸಿತು. ಆ ಪದಕ ವಿಧಾನಕ್ಕೆ ಸಂದದ್ದು, ಹೊಸ ಧಾತುವಿಗಲ್ಲ. ಎರಡನ್ನೂ ಬೆರೆಸಿದ್ದರಿಂದಲೇ ಜಾನ್ಸೆನ್ ಹೀಲಿಯಂನ ಶೋಧಕನೆಂಬ ಮಾತು ಬೇರೂರಿದಂತಿದೆ.

ಹಳದಿ ರೇಖೆ ಸೋಡಿಯಂನ ಜೋಡಿಯೊಂದಿಗೆ ಹೊಂದುವುದಿಲ್ಲವೆಂಬುದನ್ನು ನಿಖರವಾಗಿ ಅಳೆದು ತೋರಿದವನು ಲಾಕ್ಯರ್. ಸೋಡಿಯಂ ರೇಖೆಗಳ ತರಂಗದೂರ 589.0 ಮತ್ತು 589.6 ನ್ಯಾನೊಮೀಟರ್, ಹೊಸದು ಸುಮಾರು 587.6. ಇದಕ್ಕೆ ಡಿ3 ಎಂಬ ಗುರುತು ಬಂತು. ರಸಾಯನವಿಜ್ಞಾನಿ ಎಡ್ವರ್ಡ್ ಫ್ರಾಂಕ್‌ಲೆಂಡ್ ಜೊತೆಗೂಡಿ ಹೈಡ್ರೋಜನ್ನಿನ ಒತ್ತಡ, ಉಷ್ಣತೆಗಳನ್ನು ಬದಲಿಸಿ ನೋಡಿದರೂ ಈ ರೇಖೆ ಹುಟ್ಟಲಿಲ್ಲ. ಗ್ರೀಕರ ಸೂರ್ಯದೇವತೆಯ ಹೆಸರಿನಿಂದ ಹೀಲಿಯಂ ಎಂಬ ಹೆಸರು ರೂಪುಗೊಂಡಿತು. 1871ರಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿನ ಎಡಿನ್‌ಬರೋ ಅಧಿವೇಶನದ ಅಧ್ಯಕ್ಷಭಾಷಣದಲ್ಲಿ ವಿಲಿಯಂ ಥಾಮ್ಸನ್ ಅದನ್ನು ಬಹಿರಂಗವಾಗಿ ಬಳಸಿದ. ಹಲವು ರಸಾಯನವಿಜ್ಞಾನಿಗಳು ನಂಬಲಿಲ್ಲ. ಒಂದೇ ರೇಖೆಯ ಆಧಾರದ ಮೇಲೆ ಧಾತುವೊಂದನ್ನು ಒಪ್ಪಲು ಹಿಂಜರಿದದ್ದು ತಪ್ಪೂ ಅಲ್ಲ.

ಸೂರ್ಯನ ಸಾಮಾನ್ಯ ಬೆಳಕಿನಲ್ಲಿ ಡಿ3 ಕಪ್ಪು ರೇಖೆಯಾಗಿ ಎದ್ದು ಕಾಣದಿರುವುದು ಅನುಮಾನವನ್ನು ಹೆಚ್ಚಿಸಿತ್ತು. ಈ ರೇಖೆ ಏಳಬೇಕಾದರೆ ಹೀಲಿಯಂ ಪರಮಾಣು ಮೊದಲು ಸುಮಾರು 21 ಎಲೆಕ್ಟ್ರಾನ್ ವೋಲ್ಟ್‌ನಷ್ಟು ಎತ್ತರದ ಶಕ್ತಿಮಟ್ಟದಲ್ಲಿರಬೇಕು. ಸೂರ್ಯನ ಕಾಣುವ ಮೇಲ್ಮೈಯ ಉಷ್ಣತೆ ಅದಕ್ಕೆ ಸಾಲದು. ಇಂಥ ಒಗಟುಗಳನ್ನು ಬಿಡಿಸುವ ಸಿದ್ಧಾಂತದ ತಳಹದಿ ಹಾಕಿದ್ದು ಮೇಘನಾದ ಸಾಹಾ, 1920ರಲ್ಲಿ ಸೌರ ವರ್ಣಗೋಳದ ಅಯಾನೀಕರಣವನ್ನು ಕುರಿತು ಬರೆದ ಪ್ರಬಂಧದಲ್ಲಿ.

ವಿಜಯದುರ್ಗದ ನೆನಪು

ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ವಿಜಯದುರ್ಗ ಕೋಟೆಯಲ್ಲಿ ಆಗಸ್ಟ್ 18ರಂದು ಹೀಲಿಯಂ ದಿನವನ್ನು ಆಚರಿಸುವ ರೂಢಿಯಿದೆ. ಲಾಕ್ಯರ್ 1868ರಲ್ಲಿ ಇಲ್ಲಿಂದಲೇ ಹೀಲಿಯಂ ಕಂಡನೆಂಬುದು ಸ್ಥಳೀಯ ಹೇಳಿಕೆ. ಆದರೆ ಆಗ ಆತ ಇದ್ದದ್ದು ಇಂಗ್ಲೆಂಡಿನಲ್ಲಿ. 1871ರ ಡಿಸೆಂಬರ್ 12ರ ಗ್ರಹಣಕ್ಕಾಗಿ ಭಾರತಕ್ಕೆ ಬಂದು, ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಬೇಕಲ ಕೋಟೆಯಿಂದ ವೀಕ್ಷಣೆ ನಡೆಸಿದ. ವಿಜಯದುರ್ಗಕ್ಕೆ ಬಂದದ್ದು 1898ರ ಜನವರಿ 22ರ ಗ್ರಹಣಕ್ಕೆ. ಆ ಹೊತ್ತಿಗೆ ಹೀಲಿಯಂ ಪ್ರಯೋಗಶಾಲೆಗಳಲ್ಲಿ ಪರಿಚಿತ ಅನಿಲವಾಗಿತ್ತು. ಎರಡು ಗ್ರಹಣಗಳು ಊರಿನ ನೆನಪಿನಲ್ಲಿ ಒಂದಾಗಿವೆ. ಆಚರಣೆ ನಿಲ್ಲಬೇಕಾಗಿಲ್ಲ, ದಿನಾಂಕ ತಿದ್ದಿಕೊಂಡರೆ ಸಾಕು.

1895, ಮಾರ್ಚ್

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಹಿಲ್‌ಬ್ರಾಂಡ್ ಯುರೇನಿಯಂ ಅದಿರನ್ನು ಆಮ್ಲದಲ್ಲಿ ಕಾಯಿಸಿದಾಗ ನಿಷ್ಕ್ರಿಯ ಅನಿಲವೊಂದು ಹೊರಟಿತ್ತು. ಅದನ್ನು ನೈಟ್ರೋಜನ್ ಎಂದು ಆತ ಭಾವಿಸಿದ. ಬ್ರಿಟಿಷ್ ಮ್ಯೂಸಿಯಂನ ಹೆನ್ರಿ ಮಯರ್ಸ್ ಈ ಸಂಗತಿಯನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಲಿಯಂ ರಾಮ್ಸೆಗೆ ತಿಳಿಸಿದ. 1894ರಲ್ಲಿ ರೇಲಿಯೊಂದಿಗೆ ಆರ್ಗಾನನ್ನು ಪ್ರಕಟಿಸಿದ್ದ ರಾಮ್ಸೆ ಈ ಅದಿರಿನಲ್ಲೂ ಅದೇ ಸಿಗಬಹುದೆಂದು ಕ್ಲೀವೈಟ್ ಖನಿಜವನ್ನು ತರಿಸಿಕೊಂಡ. ಬಂದ ಅನಿಲದಲ್ಲಿ ಹಳದಿ ರೇಖೆಯೊಂದು ಹೊಳೆಯಿತು, ಸೋಡಿಯಂನ ಜಾಗದಿಂದ ತುಸು ಸರಿದು. ಮಾದರಿಯನ್ನು ವಿಲಿಯಂ ಕ್ರೂಕ್ಸ್‌ಗೆ ಕಳಿಸಲಾಯಿತು. ಅದು ಡಿ3 ಎಂದು ಆತ ಅಳೆದು ಖಚಿತಪಡಿಸಿದ. ಪ್ರಕಟಣೆಯ ದಿನವೆಂದು ಮಾರ್ಚ್ 26ನ್ನು ಹೇಳುವುದು ವಾಡಿಕೆ. ಸ್ವೀಡನ್ನಿನ ಉಪ್ಸಾಲದಲ್ಲಿ ಪೆರ್ ಟೆಯೋಡೋರ್ ಕ್ಲೀವೆ ಮತ್ತು ನಿಲ್ಸ್ ಲಾಂಗ್ಲೆಟ್ ಸ್ವತಂತ್ರವಾಗಿ ಅನಿಲವನ್ನು ಬೇರ್ಪಡಿಸಿ ಪರಮಾಣು ತೂಕವನ್ನೂ ನಿರ್ಧರಿಸಿದರು. 27 ವರ್ಷಗಳ ಹಿಂದಿನ ತನ್ನ ಅಳತೆ ನಿಜವಾದದ್ದನ್ನು ಲಾಕ್ಯರ್ ಕಣ್ಣಾರೆ ಕಂಡ. ಧಾತುವೆಂದರೆ ಕೈಗೆ ಸಿಕ್ಕಬೇಕಾದ ವಸ್ತು ಎನ್ನುವ ರಸಾಯನವಿಜ್ಞಾನದ ಲೆಕ್ಕದಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ದಿನಾಂಕ ಇದೇ.

ಮುಂದಿನ ದಿನಾಂಕಗಳು

ಅದಿರಿನಲ್ಲಿ ಹೀಲಿಯಂ ಏಕಿತ್ತೆಂಬುದಕ್ಕೆ ಉತ್ತರ ವಿಕಿರಣಶೀಲತೆಯಿಂದ ಬಂತು. ಯುರೇನಿಯಂ ಹೊಮ್ಮಿಸುವ ಆಲ್ಫಾ ಕಣಗಳು ಹೀಲಿಯಂ ಪರಮಾಣುಗಳ ಬೀಜಗಳೇ. 1908ರ ಜುಲೈ 10ರಂದು ಲೈಡನ್ನಿನಲ್ಲಿ ಹೈಕೆ ಕಾಮರ್ಲಿಂಗ್ ಓನ್ನೆಸ್ ಈ ಅನಿಲವನ್ನು ಮೊದಲ ಬಾರಿಗೆ ದ್ರವವಾಗಿಸಿದ. ಸಿಕ್ಕಿದ್ದು ಸುಮಾರು 60 ಮಿಲಿಲೀಟರ್. 4.2 ಕೆಲ್ವಿನ್‌ನಲ್ಲಿ ಕುದಿಯುವ ಆ ದ್ರವದಿಂದಲೇ 1911ರ ಏಪ್ರಿಲ್ 8ರಂದು ಪಾದರಸದಲ್ಲಿ ಅತಿವಾಹಕತೆ ಗೋಚರಿಸಿತು. ಆಸ್ಪತ್ರೆಗಳ ಎಂಆರ್‌ಐ ಯಂತ್ರಗಳ ಅತಿವಾಹಕ ಕಾಂತಗಳನ್ನು ತಂಪಾಗಿಡಲು ಇಂದಿಗೂ ಬಳಸುವುದು ದ್ರವ ಹೀಲಿಯಂ.

ಶತಮಾನೋತ್ಸವವನ್ನು ಆಚರಿಸುವಾಗ ಅಮೆರಿಕ 1868ನ್ನೇ ಆರಿಸಿಕೊಂಡಿತು. 1968ರಲ್ಲಿ ಟೆಕ್ಸಸ್‌ನ ಅಮರಿಲ್ಲೊದಲ್ಲಿ ಉಕ್ಕಿನ ಸ್ತಂಭಗಳ ಸ್ಮಾರಕವೊಂದು ಎದ್ದಿತು. ಸ್ತಂಭಗಳೊಳಗೆ ಮುಚ್ಚಿಟ್ಟ ವಸ್ತುಗಳನ್ನು 25, 50, 100 ಮತ್ತು 1000 ವರ್ಷಗಳ ನಂತರ ತೆರೆಯಬೇಕೆಂಬುದು ಯೋಜನೆ. ಕೊನೆಯದರ ಗಡುವು 2968.