ತಾರನಾಕಿಯ ತೊರೆಗಳ ಪುನರುಜ್ಜೀವನ

ಪ್ರಶಾಂತ ಮಹಾಸಾಗರದ ದಕ್ಷಿಣಭಾಗದಲ್ಲಿರುವ ನ್ಯೂಜಿಲೆಂಡ್ ದೇಶದ ಉತ್ತರದ್ವೀಪದಲ್ಲಿ, ಪಡುವಣ ಕಡಲಿನ ಸಮೀಪಕ್ಕೆ ತಾರನಾಕಿ ಎಂಬ ಅಗ್ನಿಪರ್ವತವುಂಟು. ಇದರ ಎತ್ತರವು 8,200 ಅಡಿಗಳಿಗೂ ಮಿಕ್ಕುದು. ಬಂಡಿಯ ಗಾಲಿಯ ಅರೆಕಾಲುಗಳಂತೆ ಇದರ ಸುತ್ತಲೂ 300ಕ್ಕೂ ಹೆಚ್ಚು ಹೊಳೆಹಳ್ಳಗಳು ಇಳಿದು ಹರಿಯುವುವು. ಆ ನಾಡಿನ ಮೂಲನಿವಾಸಿಗಳಾದ ಮಾವೋರಿ ಜನರು ಈ ಪರ್ವತವನ್ನು ತಮ್ಮ ಪೂರ್ವಜನೆಂದೇ ಭಾವಿಸುವರು.

1865ನೆಯ ಇಸವಿಯಲ್ಲಿ ಆಂಗ್ಲರ ಪ್ರಭುತ್ವವು ಈ ಸೀಮೆಯಲ್ಲಿ ಮಾವೋರಿಗಳ 12 ಲಕ್ಷ ಎಕರೆಗಳಷ್ಟು ನೆಲವನ್ನು ಜಪ್ತಿಮಾಡಿತು. ವಲಸೆ ಬಂದ ಒಕ್ಕಲಿಗರು ದಟ್ಟಡವಿಯನ್ನು ಕಡಿದು ಸುಟ್ಟು ಹುಲ್ಲುಗಾವಲನ್ನಾಗಿ ಮಾಡಿದರು. ಶಿಖರದ ಸುತ್ತ ಆರು ಮೈಲಿಗಳ ಒಳಗಣ ಅರಣ್ಯವನ್ನು ಮಾತ್ರ 1881ರಲ್ಲಿ ಮೀಸಲಿಡಲಾಯಿತು. ಮರುವರ್ಷವೇ ಶೀತಲ ಕೋಣೆಗಳುಳ್ಳ ಹಡಗು ಆ ದೇಶದಿಂದ ಇಂಗ್ಲೆಂಡಿಗೆ ಹೊರಟುದರಿಂದ, ಬೆಣ್ಣೆ ಮಾಂಸಗಳಿಗೆ ದೂರದ ಪೇಟೆ ದೊರೆಯಿತು. ಅಲ್ಲಿಂದ ಮುಂದೆ ಹೈನುಗಾರಿಕೆಯು ಬೆಳೆದು, ಹೊಳೆಯ ಅಂಚಿನವರೆಗೂ ಹುಲ್ಲೇ ಹಬ್ಬಿತು.

ಇದರ ಫಲವನ್ನು ನೀರು ಉಣ್ಣಬೇಕಾಯಿತು. ದನಗಳು ತೊರೆಗಿಳಿದು ದಡವನ್ನು ತುಳಿದುವು. ಸಗಣಿ ಗಂಜಲಗಳೂ ಹೊಲದ ಗೊಬ್ಬರವೂ ಮಳೆಯೊಡನೆ ಹರಿದುಬಂದುವು. ನೆರಳು ತಪ್ಪಿ ನೀರು ಕಾಯತೊಡಗಿತು. ಮಾವೋರಿಗಳಿಗೆ ಆಹಾರವಾಗಿದ್ದ ಹಾವುಮೀನುಗಳ ನೆಲೆ ಕೆಟ್ಟಿತು. ಪರ್ವತದ ಅಡವಿಯಿಂದ ತಿಳಿಯಾಗಿ ಹೊರಟ ಜಲವೇ ಕಡಲನ್ನು ಸೇರುವಷ್ಟರಲ್ಲಿ ಕಲುಷಿತವಾಗುತ್ತಿತ್ತು.

1993ರಲ್ಲಿ ಆ ಸೀಮೆಯ ಪ್ರಾಂತೀಯ ಮಂಡಲಿಯು ಪರಿಹಾರಕಾರ್ಯಕ್ಕೆ ತೊಡಗಿತು. ಮಂಡಲಿಯವರು ಹೊಲಹೊಲಕ್ಕೂ ಹೋಗಿ, ಎಲ್ಲಿ ಬೇಲಿ, ಎಲ್ಲಿ ಸಸಿ ಎಂಬುದನ್ನು ನಕ್ಷೆಯಲ್ಲಿ ಗುರುತಿಸಿ ಹಣವಿಲ್ಲದೆ ಕೊಟ್ಟರು. ಸಸಿಗಳನ್ನು ಲಾಭವಿಲ್ಲದ ಬೆಲೆಗೆ ಒದಗಿಸಿದರು. ಬೇಲಿಯ ವೆಚ್ಚವೂ ನೆಡುವ ದುಡಿಮೆಯೂ ಬಹುಮಟ್ಟಿಗೆ ಒಕ್ಕಲಿಗರವೇ ಆಗಿದ್ದುವು. ಪರದೇಶದ ವಿಲೋ ಮರಗಳ ಬೇರು ಹೊಳೆಯ ಪಾತ್ರವನ್ನೇ ಕಟ್ಟುವುದುಂಟಾದ ಕಾರಣ, ಆ ನೆಲದ ಗಿಡಗಳಿಗೇ ಪ್ರಾಶಸ್ತ್ಯ ದೊರೆಯಿತು. ಖಡ್ಗದಂತಹ ಎಲೆಗಳಿಂದ ನಾರನ್ನೀಯುವ ಹರಕೆಕೆ, ಜೇನಿಗೆ ಹೆಸರಾದ ಮಾನುಕ ಮೊದಲಾದುವು ದಂಡೆಯನ್ನು ಅಲಂಕರಿಸಿದುವು. ಇವುಗಳ ಬೇರು ಮಣ್ಣನ್ನು ಹಿಡಿಯುವುದು. ಬುಡದ ದಟ್ಟಣೆಯು ರಾಡಿಯನ್ನು ಸೋಸುವುದು. ಕೊಂಬೆಯು ನೀರಿಗೆ ನೆರಳಾಗುವುದು.

ಮುಂದಿನ ಮೂರು ದಶಕಗಳೊಳಗಾಗಿ 50 ಲಕ್ಷಕ್ಕೂ ಮಿಕ್ಕ ಸಸಿಗಳು ನೆಲವನ್ನು ಸೇರಿದುವು. ತೊರೆಯ ಮೇಲ್ಭಾಗದಲ್ಲಿ ಬೇಲಿಯೂ ಗಿಡಗಳೂ ಹೆಚ್ಚಿದಂತೆಲ್ಲ ಕೆಳಗೆ ರೋಗಸೂಚಕ ಜೀವಾಣುಗಳು ತಗ್ಗಿ, ನಿರ್ಮಲಜಲದ ಹುಳುಗಳು ಹೆಚ್ಚಿರುವುದನ್ನು 2018ರಲ್ಲಿ ಪ್ರಕಟವಾದ ವೈಜ್ಞಾನಿಕ ಪರಿಶೋಧನೆಯು ತೋರಿಸಿತು. ಆದರೂ ದಂಡೆಯ ಗಿಡವೊಂದೇ ಸರ್ವದೋಷಹರವಲ್ಲ. ನೆಲದಡಿಯ ಕೊಳವೆಗಳಿಂದ ಬಸಿದು ಹೊಳೆಯನ್ನು ಸೇರುವ ಗೊಬ್ಬರದ ಸಾರವು ಬೇರಿಗೆ ಸಿಕ್ಕದೆ ಹೋಗುವುದು. ಅದನ್ನು ಹೊಲದಲ್ಲಿಯೇ ಮಿತಗೊಳಿಸಬೇಕಾಗುವುದು.

2025ರ ಜನವರಿಯಲ್ಲಿ ನ್ಯೂಜಿಲೆಂಡಿನ ಶಾಸನಸಭೆಯು ತಾರನಾಕಿ ಪರ್ವತಕ್ಕೆ ವ್ಯಕ್ತಿಗೆ ಸಲ್ಲುವ ಹಕ್ಕುಗಳನ್ನು ವಿಧಿಸಿತು. ಜಪ್ತಿಯಾದ ನೆಲವೆಲ್ಲವೂ ಇದರಿಂದ ಹಿಂದಿರುಗಲಿಲ್ಲ. ಸುಟ್ಟ ಅಡವಿಯೂ ಮರಳಿ ಬರಲಿಲ್ಲ. ಆದರೆ ಮುತ್ತಜ್ಜರು ಕಡಿದುದರಲ್ಲಿ ಒಂದಂಶವನ್ನಾದರೂ ಮೊಮ್ಮಕ್ಕಳು ಸ್ವಹಸ್ತದಿಂದ ನೆಟ್ಟರು. ಮೇಲಿನ ಹೊಲದವನು ನೆಟ್ಟ ಗಿಡದಿಂದ ತಿಳಿಯಾದ ನೀರು ಅವನ ಗಡಿಯಲ್ಲಿ ನಿಲ್ಲದು. ಅದು ಕೆಳಗಿನವನ ಮನೆಯ ಮುಂದೆ ಹರಿಯುವುದು. ಪರರಿಗೆ ಫಲವನ್ನೀಯುವ ಇಂತಹ ದುಡಿಮೆಯು ಕಾಯಕವೆಂಬ ಹೆಸರಿಗೆ ಅರ್ಹವಾದುದು.